ಅವರನ್ನು ಕರೆಯುವ ಮಾತು

೧೯೯೬ ಫೆಬ್ರವರಿ ೧೨, ಸೋಮವಾರ

ಶನಿವಾರ ಸಂಜೆ ಫೋನ್ ಬೂತಿನ ಮಕ್ಬೂಲ್ ಬಾಗಿಲಿಗೆ ಬಂದು ನಿಂತ. ಕಾಲಲ್ಲಿ ಚಪ್ಪಲಿ ಇರಲಿಲ್ಲ. “ಅಕ್ಕ, ಇಟಲಿಯಿಂದ ಫೋನ್ ಬಂದಿತ್ತು. ಅಣ್ಣಂಗೆ ಹುಷಾರಿಲ್ವಂತೆ” ಎಂದ. ಹುಷಾರಿಲ್ಲ ಎನ್ನುವುದಕ್ಕೆ ಯಾರೂ ಬರಿಗಾಲಲ್ಲಿ ಓಡಿ ಬರುವುದಿಲ್ಲ.

ನಾನು ಎಸ್ಸೆಸ್ಸೆಲ್ಸಿಗೆ ಕಟ್ಟಿ ಫೇಲಾದವಳು. ಬರೆದು ಅಭ್ಯಾಸವಿಲ್ಲ. ಮನೆಯಲ್ಲಿ ಅತ್ತೆಯ ಮುಂದೆ ಬಾಯಿ ಬಿಡುವ ಹಾಗಿಲ್ಲ, ನಾನು ಅತ್ತರೆ ಅವರಿಗೆ ಎದೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ತೊರೀನೊ ಎಂಬ ಊರಿನ ಮೇಳದಲ್ಲಿ ನಮ್ಮ ಚನ್ನಪಟ್ಟಣದ ಗೊಂಬೆ ಮಾಡಿ ತೋರಿಸಲು ಗೊಂಬೆ ಕೆಲಸದವರ ಸೊಸೈಟಿಯವರು ನಮ್ಮ ಮನೆಯವರನ್ನು ಕಳಿಸಿದ್ದರು. ಬಿಲ್ಲು ಕಟ್ಟಿ ತಿರುಗಿಸಿ ಮರ ಕಡೆಯುವ ಹಳೆಯ ಕೈಲೇತು ಇನ್ನೂ ಹಿಡಿಯುವವರು ನಮ್ಮಲ್ಲಿ ಕೆಲವರೇ. ಆಲೆಮರದ ತುಂಡು ತಿರುಗುತ್ತಿತ್ತಂತೆ, ಅರಗಿನ ಕಡ್ಡಿ ಒತ್ತಿ ಹಳದಿ ಬಣ್ಣ ಏರಿಸುತ್ತಿದ್ದರಂತೆ, ಹಾಗೇ ಪಕ್ಕಕ್ಕೆ ವಾಲಿದರಂತೆ. ಮಾಡುತ್ತಿದ್ದುದು ಏನು ಎಂದು ನಾನು ಕೇಳಿದೆ. ಯಾರಿಗೂ ಗೊತ್ತಿಲ್ಲ. ಬುಗುರಿಯೋ, ಗಿಲಕಿಯೋ.

ಫೆಬ್ರವರಿ ೧೪

ಸೊಸೈಟಿಯ ಸೆಕ್ರೆಟರಿ ದೊಡ್ಡಮುನಿಯಪ್ಪನವರು ಅಲ್ಲಿಯ ಡಾಕ್ಟರ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಬೂತಿನ ಗಾಜಿನ ಹೊರಗೆ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಹೊರಗೆ ಬಂದು, ಮೆದುಳಲ್ಲಿ ರಕ್ತನಾಳ ಒಡೆದಿದೆ, ಉಸಿರು ಸ್ವಂತದ್ದೇ ಇದೆ, ಪ್ರಜ್ಞೆ ಇಲ್ಲ, ಕಾಯಬೇಕು ಎಂದರು. ನಾನು ಹೋಗುತ್ತೇನೆ ಎಂದೆ. “ಪಾಸ್‌ಪೋರ್ಟ್ ಇಲ್ವಲ್ಲಮ್ಮ ನಿಮಗೆ. ಅರ್ಜಿ ಹಾಕ್ಸಿದೀನಿ. ಅವರು ಕೊಡೋ ಹೊತ್ಗೆ ಇವರೇ ಎದ್ದು ಬಂದಿರ್ತಾರೆ” ಎಂದರು. ಒಳ್ಳೆಯ ಮನುಷ್ಯ. ನನ್ನ ಮುಖ ನೋಡದೆ ಹೇಳಿದರು.

ದಿನಾ ನಮ್ಮ ನಾಲ್ಕು ಗಂಟೆಗೆ ಫೋನ್ ಮಾಡಿದರೆ ಅವರ ಮಂಚದ ಹತ್ತಿರ ಒಬ್ಬ ನರ್ಸ್ ಇರುತ್ತಾಳಂತೆ. ಅವಳಿಗೆ ಇಂಗ್ಲಿಷ್ ಬರುವುದಿಲ್ಲ. ನನಗೂ ಬರುವುದಿಲ್ಲ. ಫೋನಿನ ಖರ್ಚು ಸೊಸೈಟಿಯದು.

ಫೆಬ್ರವರಿ ೧೫

ಫೋನ್ ಹಿಡಿದೆ. ಆ ಕಡೆಯಿಂದ ಹೆಣ್ಣು ದನಿ “ಪ್ರೋಂತೊ” ಎಂದಿತು. ಆಮೇಲೆ ಒಂದು ಪ್ರಶ್ನೆ. ರೋಗಿಯ ಹೆಸರು ಕೇಳುತ್ತಿದ್ದಾಳೆ ಎಂದು ಅಂದಾಜಾಯಿತು. ಮಕ್ಬೂಲನ ಕೈಗೆ ಫೋನ್ ಕೊಟ್ಟೆ. ಅವನು ಹೆಸರು ಹೇಳಿ ಮತ್ತೆ ನನಗೆ ಕೊಟ್ಟ.

ನಾನು ಅವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಹೆಂಡತಿಯ ಬಾಯಲ್ಲಿ ಬಂದರೆ ಅವನ ಆಯಸ್ಸು ಕರಗುತ್ತದೆ ಎಂದು ನಮ್ಮಮ್ಮ ಮದುವೆಯ ಹಿಂದಿನ ದಿನ ತವರೂರು ಕೆಂಪಾಪುರದಲ್ಲಿ ಕೂರಿಸಿಕೊಂಡು ಹೇಳಿದ್ದಳು. ಅವರದು ದೇವರ ಹೆಸರು. ಆದ್ದರಿಂದ ಆ ದೇವರನ್ನೂ ನಾನು ಹೆಸರು ಹಿಡಿದು ಕರೆಯುವುದಿಲ್ಲ, ‘ಶನಿವಾರದ ದೇವರು’ ಎನ್ನುತ್ತೇನೆ. ನಾದಿನಿಯ ಹೆಸರಲ್ಲೂ ಅದೇ ದೇವರಿದ್ದಾನೆ, ಅವಳು ನನಗೆ ‘ಹೊಂಗನೂರಿನವಳು’. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೆ ಪಕ್ಕದವರು ಹೇಳುತ್ತಾರೆ.

ಮಗಳು ಇದ್ದಾಗ ‘ಕೆಂಪಿ ಅಪ್ಪ’ ಎಂದು ಕರೆಯುತ್ತಿದ್ದೆ. ಕೆಂಪಿ ಆರನೇ ಕ್ಲಾಸಿನಲ್ಲಿದ್ದಾಗ ಮೆದುಳು ಜ್ವರದಲ್ಲಿ ಹೋದಳು. ಆಮೇಲೆ ಆ ಮಾತು ನನ್ನ ಬಾಯಿಂದ ಬರಲಿಲ್ಲ. ಹತ್ತಿರ ಹೋಗಿ ಕೆಮ್ಮುತ್ತೇನೆ, ಇಲ್ಲವೆ ತಟ್ಟೆಯನ್ನು ಸದ್ದು ಮಾಡಿ ಇಡುತ್ತೇನೆ. ಅವರೂ ‘ಏನೇ’ ಎನ್ನುವುದು ಬಿಟ್ಟು ಬೇರೆ ಕರೆದವರಲ್ಲ.

ನರ್ಸ್ ಫೋನನ್ನು ಅವರ ಹತ್ತಿರ ಹಿಡಿದಳೆಂದು ಕಾಣುತ್ತದೆ. ಉಸಿರು ಕೇಳಿಸಿತು. ಏನು ಹೇಳಲಿ? “ಊಟ ಮಾಡಿದ್ರಾ” ಎಂದೆ.

ಫೆಬ್ರವರಿ ೧೭, ಶನಿವಾರ

ನಮ್ಮ ಬೀದಿಯ ಕೊನೆಯ ಮನೆಯ ಖುರ್ಷಿದಾ ಆಪಾ ಹತ್ತಿರ ಹೋದೆ. ಚಿಕ್ಕ ವಯಸ್ಸಿನಲ್ಲಿ ಬೆಂಗಳೂರಿನಲ್ಲಿದ್ದ ಇಟಲಿಯ ಇಂಜಿನಿಯರ್ ಒಬ್ಬರ ಮನೆಯಲ್ಲಿ ಮಗು ಆಡಿಸಲು ಸೇರಿ, ಅವರ ಜೊತೆ ಅವರ ಊರಿಗೂ ಹೋಗಿ ಕೆಲವು ವರ್ಷ ಇದ್ದು ಬಂದವರು. ನನಗೆ ಇವತ್ತು ಶಿವರಾತ್ರಿಯ ಉಪವಾಸ, ಅವರಿಗೆ ರೋಜಾ. ನೀರೂ ಕುಡಿಯದೆ ಇಬ್ಬರೂ ಜಗಲಿಯ ಮೇಲೆ ಕೂತೆವು.

“ನಂಗೆ ಬರೋದೆಲ್ಲ ಮಕ್ಕಳನ್ನ ಗದರಿಸೋ ಮಾತೇ ಕಣಮ್ಮ” ಎಂದರು. “ದೊಡ್ಡೋರ ಜೊತೆ ನಾನ್ಯಾವತ್ತು ಮಾತಾಡ್ದೆ? ಸ್ನಾನ ಮಾಡ್ಸು, ತಿನ್ಸು, ಬೀಳ್ಬೇಡ, ಮುಟ್ಬೇಡ. ಇಷ್ಟೇ.”

“ಅಷ್ಟೇ ಸಾಕು ಆಪಾ. ಅವರೂ ಈಗ ಮಗು ಥರಾನೇ ಮಲಗವ್ರೆ” ಎಂದೆ.

ಆಮೇಲೆ ಹೇಳಿಕೊಟ್ಟರು. ಅವರು ನೋಡಿಕೊಂಡ ಹುಡುಗನ ಹೆಸರು ಮಾರ್ಕೊ. ‘ಲಾವೊ ಮಾರ್ಕೊ’ ಎಂದರೆ ಮಾರ್ಕೊನನ್ನು ತೊಳೆಯುತ್ತೇನೆ. ತೊಳೆಯುವುದು ಮೊದಲು, ಮಾರ್ಕೊ ಆಮೇಲೆ. ನಮ್ಮ ಮಾತಿಗೆ ತಿರುವುಮುರುವು. ಆದರೆ ಹೆಸರು ಬಿಟ್ಟು ಬರೀ ‘ಅವನನ್ನು’ ಎನ್ನುವುದಾದರೆ ‘ಲೋ ಲಾವೊ’. ಅವನನ್ನು ಎನ್ನುವ ‘ಲೋ’ ಮುಂದಕ್ಕೆ ಬರುತ್ತದೆ, ನಮ್ಮಲ್ಲಿ ಇರುವ ಹಾಗೆಯೇ.

“ಯಾಕೆ ಆಪಾ ಹಂಗೆ?”

“ಯಾಕೆ ಅಂತ ನಾನು ಕೇಳ್ಲಿಲ್ಲ. ಮಗು ಕೈ ಜಾರೋ ಹೊತ್ತಲ್ಲಿ ಯಾಕೆ ಅಂತ ಯಾರು ಕೇಳ್ತಾರೆ?”

ಮನೆಗೆ ಬರುವಾಗ ಇದನ್ನೇ ಯೋಚಿಸುತ್ತಾ ಬಂದೆ. ಹೆಸರು ಹೇಳಿದರೆ ಮನುಷ್ಯ ಕೊನೆಗೆ ಹೋಗುತ್ತಾನೆ. ಹೇಳದಿದ್ದರೆ ಮುಂದೆ ಇರುತ್ತಾನೆ. ನಮ್ಮಮ್ಮ ಹೇಳಿದ್ದೂ ಅದನ್ನೇ ಅಲ್ಲವೆ? ಅಷ್ಟು ದೂರದ ಜನಕ್ಕೂ ಇದು ಗೊತ್ತಿದೆ ಎಂದ ಮೇಲೆ ಅದು ಸುಳ್ಳಿರಲಾರದು. ಹೆಸರಿಲ್ಲದೆಯೇ ಅವರನ್ನು ಉಳಿಸಿಕೊಳ್ಳುತ್ತೇನೆ.

ಫೆಬ್ರವರಿ ೧೮

ಒಲೆಯ ಮುಂದೆ ಕೂತು “ಲೋ ಲಾವೊ, ಲೋ ಗ್ವಾರ್ದೊ” ಎಂದು ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ.

“ಯಾರ್ನೇ ಅದು ಲೋ ಅಂತಿರೋದು?”

“ಅವರನ್ನೇ ಅತ್ತೆ. ಅಲ್ಲಿಯ ಮಾತು ಇರೋದೇ ಹಂಗೆ.”

“ನನ್ ಮಗ ಮಲಗ್ದೇಟ್ಗೆ ಲೋ ಅನ್ನಂಗಾದ್ಯಾ? ಚೆನ್ನಾಗೈತೆ ಬುಡು ಅವರ ದೇಸ. ಅಲ್ಲಿ ಎಂಡ್ರು ಗಂಡುನ್ನ ದನ ಕೂಗ್ದಂಗೆ ಕೂಗ್ತಾರೇನೋ.”

ಹೇಳುತ್ತಾ ಅವರ ತುಟಿ ಒಸಿ ಅಲುಗಿತು. ನನಗೂ ನಗು ಬಂತು. ನಗು ನಿಂತ ಮೇಲೆ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಸೌದೆ ಮುಂದಕ್ಕೆ ತಳ್ಳಿದೆ.

ಫೆಬ್ರವರಿ ೨೦

ಇವತ್ತು ಮಾತಾಡಿದೆ. ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ: ಗ್ವಾರ್ದಲೊ, ಲಾವಲೊ, ಕೋಪ್ರಿಲೊ, ನೋನ್ ಲಾಷಾರ್ಲೊ. ಅವರನ್ನು ನೋಡು, ತೊಳೆ, ಹೊದಿಸು, ಅವರನ್ನು ಬಿಟ್ಟು ಹೋಗಬೇಡ. ಅಪ್ಪಣೆ ಕೊಡುವಾಗ ‘ಲೋ’ ಬಾಲದ ಹಾಗೆ ಹಿಂದೆ ಅಂಟಿಕೊಳ್ಳುತ್ತದೆ. ಖುರ್ಷಿದಾ ಆಪಾಗೆ ಬರುವುದೆಲ್ಲ ಅಪ್ಪಣೆಯೇ.

ನರ್ಸ್ ನಕ್ಕಳು. ಚಿಕ್ಕ ಮಗುವಿಗೆ ಗದರಿಸುವ ಹಾಗೆ ಗದರಿಸಿರಬೇಕು ನಾನು. ನಕ್ಕು, ಆಮೇಲೆ ನಿಧಾನವಾಗಿ ಒಂದೊಂದನ್ನೇ ಹೇಳಿದಳು. “ಲೋ ಗ್ವಾರ್ದೊ. ಲೋ ಲಾವೊ. ಲೋ ಕೋಪ್ರೊ. ನೋನ್ ಲೋ ಲಾಷೊ.” ಅವರನ್ನು ನೋಡುತ್ತೇನೆ. ತೊಳೆಯುತ್ತೇನೆ. ಹೊದಿಸುತ್ತೇನೆ. ಅವರನ್ನು ಬಿಡುವುದಿಲ್ಲ. ಎಲ್ಲದರಲ್ಲೂ ಅವರು ಮುಂದೆ ಇದ್ದರು.

ಅವಳ ಹೆಸರು ಪಿಯೆರಾ. ನನ್ನದು ಕೇಳಿದಳು. ಮುನಿರತ್ನಮ್ಮ ಎಂದೆ. ಅವಳ ನಾಲಿಗೆಗೆ ಬರಲಿಲ್ಲ.

ಫೆಬ್ರವರಿ ೨೧

ಆಪಾ ಮನೆಯಲ್ಲಿ ಹಬ್ಬ. ಪಾಠ ಇಲ್ಲ. ಪಾತ್ರೆ ತುಂಬ ಶ್ಯಾವಿಗೆ ಕಳಿಸಿದ್ದರು. ನಮ್ಮ ಮನೆಯವರಿಗೆ ಶ್ಯಾವಿಗೆ ಇಷ್ಟ. ನಾನು ತಿನ್ನಲಿಲ್ಲ, ಅತ್ತೆ ತಿಂದರು.

ಫೆಬ್ರವರಿ ೨೬, ಸೋಮವಾರ

ಸೆಕ್ರೆಟರಿ ಡಾಕ್ಟರ ಜೊತೆ ಮತ್ತೆ ಮಾತಾಡಿದರು. ಇಷ್ಟರಲ್ಲಿ ಕಣ್ಣು ತೆರೆಯಬೇಕಿತ್ತಂತೆ. ತೆರೆಯದಿದ್ದರೆ ಹೀಗೇ ಇದ್ದು ಇದ್ದು ಒಳಗೇ ಆರಿಹೋಗುತ್ತಾರಂತೆ. ಅವರಿಗೆ ಪರಿಚಯದ ದನಿ ಹೆಸರು ಹಿಡಿದು ಕರೆಯಬೇಕು, ಬಹಳ ಸಲ ಕರೆಯಬೇಕು, ಕೆಲವರು ಅದಕ್ಕೆ ಓಗೊಡುತ್ತಾರೆ ಎಂದರಂತೆ. “ನೀವೇ ಕರೀಬೇಕಂತಮ್ಮ. ಹೆಂಡ್ತೀನೇ” ಎಂದರು ದೊಡ್ಡಮುನಿಯಪ್ಪನವರು. ಹೇಳುವಾಗ ಅವರಿಗೇ ಸಂಕೋಚವಾಯಿತು.

ನಾಲ್ಕು ಗಂಟೆಗೆ ಪಿಯೆರಾ ಕೂಡ ಅದನ್ನೇ ಹೇಳಿದಳು. “ಸಿನ್ಯೋರಾ, ಲೋ ಕಿಯಾಮಿ.” ಅಮ್ಮಾ, ಅವರನ್ನು ಕರೆಯಿರಿ. ಅವರ ಉಸಿರು ಕೇಳುತ್ತಾ ನಿಂತಿದ್ದೆ. ಹೊತ್ತು ಮುಗಿಯಿತು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹುರಿಯುತ್ತಿದ್ದ ಹುಚ್ಚೆಳ್ಳು ಕೆಳಗಿಳಿಸಿದರು.

“ಬ್ಯಾಡ” ಎಂದರು.

“ಡಾಕ್ಟ್ರೇ ಹೇಳವ್ರೆ ಅತ್ತೆ.”

“ಡಾಕ್ಟ್ರಿಗೇನ್ ಗೊತ್ತು? ನಿಮ್ಮಾವ ಹೆಂಗೋದ್ರು ಅಂತ ನಿಂಗೊತ್ತಿಲ್ವಾ?”

ಗೊತ್ತು, ಊರಿಗೆಲ್ಲ ಗೊತ್ತಿರುವ ಕತೆ. ಆದರೂ ಮತ್ತೆ ಹೇಳಿದರು. “ರಾಮನಗರದ ಮಾರ್ಕೆಟ್ಗೆ ರೇಸ್ಮೆ ಗೂಡಿನ್ ಚೀಲ ಹೊತ್ಕೊಂಡು ಮುಂದೆ ಹೋಯ್ತಿದ್ರು. ಎದ್ರುಗೆ ಬಸ್ಸು. ನಂಗೆ ಬಾಯ್ಗೆ ಬಂದದ್ದು ಅವರ್ ಹೆಸ್ರೇ. ಕೂಗ್ದೆ. ಅವತ್ತೇ ಮೊದ್ಲು ನಾನು ಹೆಸರಿಡ್ದು ಕೂಗ್ದೋಳು. ಏನಪ್ಪ ಇವ್ಳು ಇಂಗೆ ಕೂಗ್ತಾವ್ಳೆ ಅಂತ ತಿರುಗಿ ನೋಡುದ್ರು. ಮುಂದಕ್ ನೋಡ್ತಿದ್ರೆ ಜರುಗ್ತಿದ್ರು.”

ಮತ್ತೆ ಬಾಣಲೆ ಒಲೆಯ ಮೇಲಿಟ್ಟರು. “ನನ್ ಮಗನ್ನಾರ ಉಳುಸ್ಕೊಡವ್ವ. ನಿನ್ ಕಾಲ್ ಹಿಡ್ಕತೀನಿ” ಎಂದರು. ಹುಚ್ಚೆಳ್ಳು ಸೀದಿತ್ತು.

ಫೆಬ್ರವರಿ ೨೮

ಹೊಂಗನೂರಿನವಳನ್ನು ಕರೆಸಿದೆ. ತಂಗಿ ಕರೆದರೆ ದೋಷವಿಲ್ಲ. “ಅಣ್ಣಾ, ಅಣ್ಣಾ” ಎಂದು ಕೂಗಿ, ಹೆಸರು ಹಿಡಿದೂ ಕೂಗಿ, ಕೊನೆಗೆ ಗಾಜಿಗೆ ಹಣೆ ಚಚ್ಚಿಕೊಂಡಳು. ಮಕ್ಬೂಲ್ ಬಂದು ಹಿಡಿದುಕೊಂಡ. ಪಿಯೆರಾ “ನಿಯೆಂತೆ” ಎಂದಳು. ಏನೂ ಇಲ್ಲ.

ನಾನು ಫೋನ್ ತೆಗೆದುಕೊಂಡು “ಕೆಂಪಿ ಅಪ್ಪಾ” ಎಂದೆ. ಎಂಟು ವರ್ಷದ ಮೇಲೆ.

ನಿಯೆಂತೆ.

ಮಾರ್ಚ್ ೧, ಶುಕ್ರವಾರ

ಅತ್ತೆಯ ಜೊತೆ ಬಸ್ಸಿನಲ್ಲಿ ಕಬ್ಬಾಳಿಗೆ ಹೋಗಿ ಬಂದೆ. ಕಬ್ಬಾಳಮ್ಮನಿಗೆ ಅತ್ತೆ ಹರಕೆ ಕಟ್ಟಿಕೊಂಡರು. ಪೂಜಾರಿ ಯಾರ ಹೆಸರಿಗೆ ಅರ್ಚನೆ ಎಂದು ಕೇಳಿದ. ನಾನು ಅತ್ತೆಯ ಕಡೆ ನೋಡಿದೆ. ಅತ್ತೆ ನನ್ನನ್ನು ನೋಡಿ ತಲೆಯಾಡಿಸಿ, ತಾವೇ ಹೇಳಿದರು.

ಬರುವಾಗ ಬಸ್ಸಿನ ಕಿಟಕಿಯಿಂದ ಬೆಟ್ಟ ಕಾಣುತ್ತಲೇ ಇತ್ತು. ಕರೆದರೆ ಸಾಯುತ್ತಾರೆ. ಕರೆಯದಿದ್ದರೆ ಏಳುವುದಿಲ್ಲ. ನನಗೆ ಬುದ್ಧಿ ಸಾಲದು. ಓದಿದವಳಾಗಿದ್ದರೆ ಇದಕ್ಕೊಂದು ದಾರಿ ಗೊತ್ತಾಗುತ್ತಿತ್ತೇನೋ. ಅತ್ತೆ ನನ್ನ ಭುಜಕ್ಕೊರಗಿ ನಿದ್ದೆ ಮಾಡಿದರು, ಬಾಯಿ ತೆರೆದುಕೊಂಡು. ಆ ಬಾಯಿಯನ್ನು ನೋಡಿ ಹೆದರಿಕೆಯಾಯಿತು. ಅಲ್ಲಿ ಅವರೂ ಹೀಗೇ ಮಲಗಿರಬಹುದು.

ಮಾರ್ಚ್ ೪

ಇವತ್ತು ಪಿಯೆರಾ ದನಿ ಬೇರೆಯಾಗಿತ್ತು. ನಿನ್ನೆಯಿಂದ ಅವರ ಸ್ಥಿತಿ ಇಳಿಯುತ್ತಿದೆ ಎಂದು ತಿಳಿಯಿತು. ‘ಮಾಲೆ’ ಎಂದಳು, ನೋವು ಎಂದು, ಆ ಮಾತು ಗೊತ್ತು, ಮಗುವಿಗೆ ಹೊಟ್ಟೆನೋವು ಬಂದಾಗ ಆಪಾ ಹೇಳುತ್ತಿದ್ದ ಮಾತು. ಕೊನೆಯಲ್ಲಿ “ಕಿಯಾಮಲೊ” ಎಂದಳು. ಇಷ್ಟು ದಿನ ‘ಲೋ ಕಿಯಾಮಿ’ ಎನ್ನುತ್ತಿದ್ದವಳು ಇವತ್ತು ‘ಲೋ’ವನ್ನು ಹಿಂದಕ್ಕೆ ಹಾಕಿದಳು.

ಆಪಾ ಹತ್ತಿರ ಹೋಗಿ ಕೇಳಿದೆ. ಯಾಕೆ ಹಿಂದಕ್ಕೆ ಹೋದರು ಅವರು?

“ಅಯ್ಯೋ ಹುಚ್ಚಿ” ಎಂದರು ಆಪಾ. “ಇಷ್ಟು ದಿನ ನಿನ್ನನ್ನ ನೀವು ಅಂತಿದ್ಳು. ಇವತ್ತು ನೀನು ಅಂದವ್ಳೆ. ಮನೆಯೋರಿಗೆ ಹೇಳೋ ಥರ. ನಾನು ಮಾರ್ಕೊಗೆ ಹೇಳ್ತಿದ್ನಲ್ಲ, ಹಂಗೆ. ಅಷ್ಟೇ ಕಣೇ. ಅದರಲ್ಲಿ ಸಾವು ಇಲ್ಲ, ಬದುಕೂ ಇಲ್ಲ.”

ಹಿಂದಕ್ಕೆ ಹೋದರೂ ಅಂಟಿಕೊಂಡೇ ಇರುತ್ತದೆ ಆ ಮಾತು. ಕಿಯಾಮ-ಲೊ. ನಡುವೆ ಜಾಗ ಬಿಡದೆ. ಮನೆಗೆ ಬಂದ ಮೇಲೆ ಒಲೆ ಹಚ್ಚದೆ ಕೂತಿದ್ದೆ.

ಮಾರ್ಚ್ ೫

ಹೋಗಲಿಲ್ಲ ಬೂತಿಗೆ. ನಾಲ್ಕು ಗಂಟೆ ಆಯಿತು, ಹೋಯಿತು.

ಮಾರ್ಚ್ ೬, ಬುಧವಾರ

ಅತ್ತೆಗೆ ಸೊಸೈಟಿಗೆ ಪೋಣಿಸಿದ ಮಣಿ ಸರ ಕೊಟ್ಟು ಬರುತ್ತೇನೆ ಎಂದು ಸುಳ್ಳು ಹೇಳಿ ಹೋದೆ. ಬೂತಿನಲ್ಲಿ ಮೂವರು ಕಾಯುತ್ತಿದ್ದರು. ಮಕ್ಬೂಲ್ ನನ್ನ ಮುಖ ನೋಡಿದವನೇ “ಟೀ ಕುಡ್ಕೊಂಡು ಬನ್ರಪ್ಪ, ಲೈನ್ ಸರಿ ಇಲ್ಲ” ಎಂದು ಅವರನ್ನೆಲ್ಲ ಎಬ್ಬಿಸಿ ಕಳಿಸಿದ. ತಾನೂ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತ.

ಪಿಯೆರಾ ಫೋನ್ ಅವರ ಕಿವಿಗೆ ಹಿಡಿದಳು. ಉಸಿರು ನಡುನಡುವೆ ತಡೆಯುತ್ತಿತ್ತು. ಒಂದು ಉಸಿರು ಹೋಗಿ ಇನ್ನೊಂದು ಬರುವುದಕ್ಕೆ ಬಹಳ ಹೊತ್ತಾಯಿತು. ಆ ನಡುವೆ ಕರೆದೆ.

ನನ್ನ ದನಿಯೇ ಅಲ್ಲ ಅದು. ಯಾರೋ ಚಿಕ್ಕ ಹುಡುಗಿ ಕರೆದ ಹಾಗಿತ್ತು. ಮತ್ತೆ ಕರೆದೆ. ಮೂರನೆಯದಕ್ಕೆ ನನ್ನ ದನಿ ಬಂತು. ಆಮೇಲೆ ನಿಲ್ಲಿಸಲಾಗಲಿಲ್ಲ. ಇಪ್ಪತ್ತಾರು ವರ್ಷದಿಂದ ಕರೆಯದೆ ಇದ್ದದ್ದನ್ನೆಲ್ಲ ಕರೆದೆ. ಊಟಕ್ಕೆ ಕರೆಯಬೇಕಾಗಿದ್ದದ್ದು, ಕೆಂಪಿಗೆ ಜ್ವರ ಏರಿದಾಗ ಕೂಗಬೇಕಾಗಿದ್ದದ್ದು, ಬೆಳಗಿನ ಜಾವ ಬ್ಯಾಗು ಹಿಡಿದು ವಿಮಾನಕ್ಕೆ ಹೊರಟಾಗ ಹಿಂದಿನಿಂದ ಕೂಗಬೇಕು ಅನ್ನಿಸಿ ಕೂಗದೆ ಉಳಿದದ್ದು.

ಆ ಕಡೆ ಏನೋ ಬಿದ್ದ ಸದ್ದು. ಪಿಯೆರಾ ಜೋರಾಗಿ ಮಾತಾಡುತ್ತಿದ್ದಳು. ‘ಒಕ್ಕಿ’ ಎಂದಳು. ಕಣ್ಣು, ಆ ಮಾತು ಗೊತ್ತು, ಸೋಪು ಹಚ್ಚುವಾಗ ಕಣ್ಣು ಮುಚ್ಚು ಎಂದು ಆಪಾ ಮಾರ್ಕೊಗೆ ಹೇಳುತ್ತಿದ್ದದ್ದು. ಕಣ್ಣು ತೆರೆದಿದ್ದಾರೆ. ಆಮೇಲೆ ಅವಳು “ತಿ ಚೇರ್ಕಾ, ತಿ ಚೇರ್ಕಾ” ಎಂದು ಎರಡು ಸಲ ಹೇಳಿದಳು. ಅದು ಗೊತ್ತಾಗಲಿಲ್ಲ.

ಬೂತಿನಿಂದ ನೇರ ಆಪಾ ಮನೆಗೆ ಓಡಿದೆ. ಅವರು ಅಕ್ಕಿ ಆರಿಸುತ್ತಿದ್ದರು. “ಚೇರ್ಕಾ ಅಂದ್ರೆ ಹುಡುಕೋದು” ಎಂದರು. “ಮಾರ್ಕೊ ಬೀರು ಹಿಂದೆ ಅವಿತ್ಕೊಂಡು 'ಚೇರ್ಕಮಿ' ಅಂತ ಕೂಗ್ತಿದ್ದ. ನನ್ನನ್ನ ಹುಡುಕು ಅಂತ. ತಿ ಅಂದ್ರೆ ನಿನ್ನನ್ನ. ನಿನ್ನನ್ನ ಹುಡುಕ್ತಾವ್ನೆ.”

ಇಷ್ಟು ದಿನ ‘ಲೋ’ ಒಂದನ್ನೇ ಕಲಿತೆ. ನನ್ನನ್ನು ಹೇಳುವುದಕ್ಕೂ ಒಂದು ಮಾತಿದೆ ಎಂದು ಯೋಚಿಸಿಯೇ ಇರಲಿಲ್ಲ.

ಅತ್ತೆಗೆ ಹೇಳಿಲ್ಲ.

ಮಾರ್ಚ್ ೭

ಇವತ್ತೂ ಕರೆದೆ. ಕಣ್ಣು ತಿರುಗಿಸುತ್ತಾರಂತೆ ಫೋನಿನ ಕಡೆ. ಎಡಗೈ ಬೆರಳು ಅಲುಗಿತಂತೆ. ಸಂಜೆ ಹೂವಿನವಳು ಬಂದಾಗ ಒಂದು ಮೊಳ ಕೊಂಡೆ. “ಏನೇ ಇವತ್ತು” ಎಂದು ಅತ್ತೆ ಕೇಳಿದರು. ಸುಮ್ಮನೆ ಎಂದೆ.

ಮಾರ್ಚ್ ೧೦, ಭಾನುವಾರ

ದೊಡ್ಡಹನುಮಯ್ಯ ನಿನ್ನೆ ಬೆಳಗಿನ ಜಾವ ಹೋದರು. ಮತ್ತೆ ರಕ್ತನಾಳ ಒಡೆಯಿತಂತೆ.

ಮಾರ್ಚ್ ೧೪

ಮೊನ್ನೆ ಅತ್ತೆಗೆ ಗೊತ್ತಾಯಿತು. ಬೂತಿನಲ್ಲಿ ಕಾಯುತ್ತಿದ್ದ ಮೂವರಲ್ಲಿ ಒಬ್ಬ ಟೀ ಅಂಗಡಿಯಿಂದಲೇ ಕೇಳಿಸಿಕೊಂಡಿದ್ದನಂತೆ, ರಸ್ತೆಗೆಲ್ಲ ಕೇಳಿಸುವ ಹಾಗೆ ಕೂಗುತ್ತಿದ್ದೆನಂತೆ ನಾನು. ಹೊಂಗನೂರಿನಿಂದ ಹನುಮಂತಮ್ಮ ಬಂದಿದ್ದಾಳೆ. ಅವಳ ಮುಂದೆಯೇ ಅತ್ತೆ ಕೇಳಿದರು.

“ಕರುದ್ಯಾ?”

“ಕರೆದೆ.”

“ಕರ್ದೋಳು ನೀನು. ಹೋದೋನು ಅವನು.” ಅಷ್ಟೇ. ಬಯ್ಯಲಿಲ್ಲ. ಬೈದಿದ್ದರೆ ಬಾಗಿಲಿಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಅವತ್ತಿನಿಂದ ನನ್ನ ಕೈಯ ಅನ್ನ ಮುಟ್ಟುತ್ತಿಲ್ಲ. ಹನುಮಂತಮ್ಮ ಮಾಡಿದ್ದು ಎರಡು ತುತ್ತು ತಿನ್ನುತ್ತಾರೆ.

ದೇಹ ಬರುವುದು ತಡವಾಗುತ್ತದೆ. ಕಾಗದಪತ್ರ ಬಹಳವಂತೆ. ಅಲ್ಲೇ ಸುಟ್ಟು ಬೂದಿ ಕಳಿಸಲೇ ಎಂದು ಕೇಳಿದರು. ಬೇಡ, ಅವರನ್ನೇ ಕಳಿಸಿ ಎಂದೆ. ಅಲ್ಲಿಯ ತನಕ ಬಳೆ, ಕುಂಕುಮ ಇರಬೇಕೋ ತೆಗೆಯಬೇಕೋ ಎಂದು ಬೀದಿಯ ಹೆಂಗಸರಿಗೆ ಒಮ್ಮತವಿಲ್ಲ. ದೇಹ ಬರುವ ತನಕ ಇರಲಿ ಎನ್ನುವವರು ಕೆಲವರು. ಕನ್ನಡಿ ನೋಡುವುದು ಬಿಟ್ಟಿದ್ದೇನೆ.

ನಾಲ್ಕು ಗಂಟೆಗೆ ಕಾಲು ತಾನೇ ಬೂತಿಗೆ ನಡೆಯಿತು. ಪಿಯೆರಾ ಸಿಕ್ಕಳು. ಅವಳೇ ತೊಳೆದು ಬಟ್ಟೆ ಹಾಕಿದಳಂತೆ. “ನೋನ್ ಲೋ ಲಾಷಾತೊ” ಎಂದಳು. ಅವರನ್ನು ಬಿಟ್ಟು ಹೋಗಲಿಲ್ಲ. ಅವಳು ಅಳುತ್ತಿದ್ದಳು. ನಾನು ಅವಳನ್ನು ಒಂದೇ ಒಂದು ಕೇಳಬೇಕಿತ್ತು: ನಾನು ಕರೆದದ್ದಕ್ಕೇ ಹೋದರೇ? ಅದನ್ನು ಕೇಳುವ ಮಾತು ಖುರ್ಷಿದಾ ಆಪಾ ಹತ್ತಿರ ಇಲ್ಲ. ಮಕ್ಕಳಿಗೆ ಅಂಥ ಮಾತು ಯಾರೂ ಹೇಳುವುದಿಲ್ಲ, ಮಕ್ಕಳು ಕೇಳುವುದೂ ಇಲ್ಲ. ಫೋನ್ ಹಿಡಿದು ನಿಂತಿದ್ದೆ. ಅವಳ ಉಸಿರು ಕೇಳುತ್ತಿತ್ತು, ಅವಳಿಗೆ ನನ್ನದು.

ಮಾರ್ಚ್ ೧೬

ಲೇತು ಇರುವ ಕೋಣೆಗೆ ಹೋದೆ. ಆಲೆಮರದ ತುಂಡುಗಳು ಒಣಗಿ ಸೀಳು ಬಿಟ್ಟಿವೆ. ಅರಗಿನ ಕಡ್ಡಿಗಳನ್ನು ಬಣ್ಣ ಬಣ್ಣಕ್ಕೆ ಕಟ್ಟಿಟ್ಟು ಹೋಗಿದ್ದರು. ಬಾವಿಯ ಹತ್ತಿರ ಹೋಗಿ ಬಂದೆ ಎರಡು ಸಲ. ನೀರು ಸೇದುವುದಕ್ಕಲ್ಲ.

ಬರೆಯಬಾರದಿತ್ತು ಇದನ್ನು.

ಮಾರ್ಚ್ ೧೯, ಮಂಗಳವಾರ

ಸೆಕ್ರೆಟರಿ ಬಂದು ಎಲ್ಲ ಸರಿಯಾಯಿತು, ಬೊಂಬಾಯಿ ದಾಟಿ ಬರುತ್ತಾರೆ ಎಂದು ಹೇಳಿ ಹೋದರು. ಹನುಮಂತಮ್ಮ ಮಕ್ಕಳನ್ನು ಕರೆತರಲು ಮಧ್ಯಾಹ್ನದ ಬಸ್ಸಿಗೆ ಹೊಂಗನೂರಿಗೆ ಹೋದಳು. ಮನೆಯಲ್ಲಿ ಅತ್ತೆ ಮತ್ತು ನಾನು. ಮುದ್ದೆ ಮಾಡಿದೆ, ಬಸ್ಸಾರು ಮಾಡಿದೆ. ತಟ್ಟೆ ಇಟ್ಟೆ. ತಿನ್ನುವುದಿಲ್ಲ ಎಂದು ಗೊತ್ತಿತ್ತು. ಗೋಡೆ ಕಡೆ ತಿರುಗಿ ಕೂತಿದ್ದರು.

ಬಹಳ ಹೊತ್ತಿನ ಮೇಲೆ ಹಾಗೇ ಗೋಡೆ ನೋಡುತ್ತಾ ಕೇಳಿದರು. “ನೀ ಕರ್ದಾಗ ಕಣ್ ಬುಟ್ನಾ?”

“ಬಿಟ್ಟರು.”

“ನೋಡ್ದೋರ್ ಯಾರು?”

“ನರ್ಸು. ನಿನ್ನನ್ನೇ ಹುಡುಕ್ತಾವ್ರೆ ಅಂದ್ಳು.”

“ಸುಳ್ ಯೋಳ್ಬ್ಯಾಡ.”

“ಸುಳ್ಳಲ್ಲ ಅತ್ತೆ.”

“ಅವಳಂದಂಗೇ ಯೋಳು. ಅವಳ ಮಾತಲ್ಲೇ.”

“ತಿ ಚೇರ್ಕಾ.”

ಅತ್ತೆ ಈ ಕಡೆ ತಿರುಗಿದರು. ಕಣ್ಣು ಊದಿಕೊಂಡಿದ್ದವು. “ಅಷ್ಟೇಯಾ? ಅದ್ರಲ್ಲಿ ಯಾವ್ದು ನೀನು?”

“ತಿ ಅನ್ನೋದು ನಾನು.”

“ನನ್ ಮಗ ಎಲ್ಲವ್ನೆ ಅದ್ರಲ್ಲಿ?”

ಹುಡುಕಿದೆ. ‘ಲೋ’ ಇಲ್ಲ ಅದರಲ್ಲಿ. ಹೆಸರೂ ಇಲ್ಲ. “ಬೇರೆ ಇಲ್ಲ ಅತ್ತೆ. ಹುಡುಕ್ತಾವ್ರೆ ಅಂತೀವಲ್ಲ, ಅದರೊಳಗೇ ಅವ್ರೆ” ಎಂದೆ.

ಅತ್ತೆ ಅದನ್ನು ತಮ್ಮಷ್ಟಕ್ಕೆ ಎರಡು ಮೂರು ಸಲ ಹೇಳಿಕೊಂಡರು. ನಾಲಿಗೆಗೆ ಸರಿಯಾಗಿ ಬರಲಿಲ್ಲ, ‘ಚೆರಕ’ ಎಂದರು. “ನಿಮ್ಮಾವ ತಿರುಗಿ ನೋಡ್ದಾಗ ನಾನ್ ಕಂಡ್ನೋ ಇಲ್ವೋ, ಯೋಳೋರೂ ಇರ್ನಿಲ್ಲ” ಎಂದರು. ಆಮೇಲೆ ತಟ್ಟೆ ಎಳೆದುಕೊಂಡರು. ಮುದ್ದೆ ಆರಿ ಗಟ್ಟಿಯಾಗಿತ್ತು. ಬಿಸಿದು ಹಾಕುತ್ತೇನೆ ಎಂದೆ. “ಸಾರು ಒಸಿ ಬುಡು, ಸಾಕು” ಎಂದರು. ತಿನ್ನುತ್ತಾ ತಿನ್ನುತ್ತಾ, “ಇನ್ನೊಂದ್ಸಲ ಯೋಳು” ಎಂದರು. ಹೇಳಿದೆ.

ನಾಳೆ ಬೆಳಗಿನ ವಿಮಾನಕ್ಕೆ ದೊಡ್ಡಹನುಮಯ್ಯ ಬರುತ್ತಾರೆ. ಇಲ್ಲಿಗೆ ತಲುಪುವುದು ಹನ್ನೊಂದಾಗಬಹುದು ಎಂದರು ಸೆಕ್ರೆಟರಿ. ಅಂಗಳ ಸಾರಿಸಿಲ್ಲ. ಸಗಣಿಗೆ ಬೇಗ ಎದ್ದು ಹೋಗಬೇಕು.